ಗಿರಣಿಯವರ ಸೋಮವಾರ

1884ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮುಂಬಯಿಯ ಪರಳದಲ್ಲಿ ಹತ್ತಿ ಗಿರಣಿಗಳ ಕೆಲಸಗಾರರು ಸಭೆ ಸೇರಿ, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಮನವಿಪತ್ರವೊಂದನ್ನು ಸಿದ್ಧಪಡಿಸಿ, ಸುಮಾರು 5,500 ಮಂದಿಯ ರುಜು ಹಾಕಿಸಿ, ಕಾರ್ಖಾನೆಗಳ ಸ್ಥಿತಿಗತಿಯನ್ನು ವಿಚಾರಿಸುತ್ತಿದ್ದ ಸರ್ಕಾರೀ ಆಯೋಗಕ್ಕೆ ಒಪ್ಪಿಸಿದರು. ಭಾನುವಾರ ಬಿಡುವು ಕೊಡಬೇಕು. ನಡುಹಗಲಿನಲ್ಲಿ ಅರ್ಧ ಗಂಟೆಯ ವಿರಾಮವಿರಬೇಕು. ಬೆಳಗಿನ ಆರೂವರೆಗೆ ತೊಡಗಿದ ಕೆಲಸ ಸೂರ್ಯಾಸ್ತಕ್ಕೆ ನಿಲ್ಲಬೇಕು. ಸಂಬಳವು ಮುಂದಿನ ತಿಂಗಳ ಹದಿನೈದರೊಳಗೆ ಕೈಸೇರಬೇಕು. ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವ ತನಕ ಪೂರ್ಣ ವೇತನವೂ, ಅಂಗಹೀನನಾದವನಿಗೆ ತಕ್ಕ ಜೀವನಾಧಾರವೂ ದೊರೆಯಬೇಕು. ಇಷ್ಟೇ ಅವರು ಕೇಳಿದ್ದು. ದೇವರ ದಿನವನ್ನೂ ಕೈಕಾಲಿನ ಕ್ಷೇಮವನ್ನೂ ಒಂದೇ ಹಾಳೆಯ ಮೇಲೆ ಬರೆದ ಆ ಜನ, ಕಾರ್ಖಾನೆಯೊಳಗಿನ ಬಾಳು ಬೇರೆ, ಮನೆಮಠದ ಬಾಳು ಬೇರೆ ಎಂದು ಎಣಿಸಿರಲಿಲ್ಲವೆಂಬುದನ್ನು ನಾವು ಮೊದಲು ಮನಗಾಣಬೇಕು; ಏಕೆಂದರೆ ಅವರ ತರುವಾಯ ಬಂದ ಕಾನೂನುಗಳೂ ವಿಚಾರಣಾ ವರದಿಗಳೂ ಬಹುಮಟ್ಟಿಗೆ ಈ ಎರಡನ್ನು ಬೇರ್ಪಡಿಸಿಯೇ ನೋಡಿದವು.

ಲೋಖಂಡೆಯವರು ಗಿರಣಿಯೊಂದರ ಉಗ್ರಾಣದಲ್ಲಿ ಕೆಲಸ ಮಾಡಿದವರು, 'ದೀನಬಂಧು' ಪತ್ರಿಕೆಯ ಸಂಪಾದಕರು, ಜ್ಯೋತಿಬಾ ಫುಲೆಯವರ ಸಹವರ್ತಿಗಳು. ಭಾನುವಾರವೇ ಏಕೆ ಎಂಬ ಪ್ರಶ್ನೆಗೆ, ಅದು ಖಂಡೋಬನ ದಿನವೆಂಬುದೂ ಅವರು ಕೊಟ್ಟ ಉತ್ತರಗಳಲ್ಲಿ ಒಂದಾಗಿತ್ತು. ನಮ್ಮ ಮೈಲಾರಲಿಂಗನೇ ಅಲ್ಲಿಯ ಖಂಡೋಬ. ಆತನ ಒಕ್ಕಲಿಗೆ ಭಾನುವಾರದ ಮಹತ್ತ್ವವನ್ನು ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ಆರು ವರ್ಷಗಳ ಅನಂತರ, 1890ರ ಏಪ್ರಿಲ್ 24ರಂದು, ಸುಮಾರು 10,000 ಮಂದಿ ಕೂಡಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ನಿಂತು ಮಾತನಾಡಿದರು. ಅದೇ ವರ್ಷದ ಜೂನ್ 10ರಂದು ಗಿರಣಿ ಮಾಲೀಕರ ಸಂಘವು ವಾರದ ಬಿಡುವಿಗೆ ಒಪ್ಪಿತು. ಗಾಯಗೊಂಡವನ ಪರಿಹಾರವಾದರೋ 1923ರ ಕಾನೂನಿನ ತನಕ, ಎಂದರೆ ಮನವಿ ಸಲ್ಲಿಸಿದ ಮೇಲೆ ಮತ್ತೂ ಮೂವತ್ತೊಂಬತ್ತು ವರ್ಷ, ಕಾಯಬೇಕಾಯಿತು. ಈ ನಡುವೆ ಬೆರಳು ಕಳೆದುಕೊಂಡವರನ್ನು, ಕೈ ಕಳೆದುಕೊಂಡವರನ್ನು ಪೋಷಿಸಿದವರು ಯಾರು? ಅವರ ನೆರೆಹೊರೆಯವರು, ಅವರ ಊರವರು.

ಆ ಕಾಲದ ಗಿರಣಿಯ ಒಳಗನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬೇಕು. ಒತ್ತಿ ಕಟ್ಟಿದ ಹತ್ತಿಯ ಬೇಲುಗಳನ್ನು ಬಿಚ್ಚಿ ಬಡಿದು ಬಿಡಿಸುವ ಬ್ಲೋರೂಮು, ಅರಳೆಯನ್ನು ಉಕ್ಕಿನ ತಂತಿಹಲ್ಲುಗಳಿಂದ ಹಿಂಜಿ ಎಳೆಯಾಗಿಸುವ ಕಾರ್ಡಿಂಗ್ ವಿಭಾಗ, ಇವೆರಡೂ ಧೂಳಿನ ತವರು. ಕಾರ್ಡಿಂಗ್ ಯಂತ್ರದ ಹಲ್ಲುಗಳಲ್ಲಿ ಸಿಕ್ಕ ಕಸವನ್ನು ಆಗಾಗ ಕೆರೆದು ತೆಗೆಯಬೇಕು, ಹಲ್ಲುಗಳನ್ನು ಮಸೆಯಬೇಕು. ಆ ಗಳಿಗೆಯಲ್ಲಿ ಎದ್ದ ಧೂಳು ದೀಪದ ಬೆಳಕನ್ನೇ ಮಂಕಾಗಿಸುತ್ತಿತ್ತು. ಇದು ಬರಿಯ ಹತ್ತಿಯ ನಾರಲ್ಲ; ಕಾಯಿಯ ಸುತ್ತಣ ಒಣಗಿದ ಎಲೆಯ ಚೂರು, ಮಣ್ಣು, ಬೂಷ್ಟು, ಸೂಕ್ಷ್ಮಜೀವಿಗಳು, ಅವುಗಳಿಂದ ಹುಟ್ಟಿದ ವಿಷಾಂಶ, ಎಲ್ಲವೂ ಅದರಲ್ಲಿ ಸೇರಿರುತ್ತವೆ. ವರ್ಷಾನುಗಟ್ಟಲೆ ಇದನ್ನು ಉಸಿರಾಡಿದವನಿಗೆ ಬರತಕ್ಕ ಶ್ವಾಸಕೋಶದ ವ್ಯಾಧಿಗೆ ಬಿಸಿನೋಸಿಸ್ ಎಂದು ಹೆಸರು. ನಾರಗಸೆ, ಸೆಣಬುಗಳನ್ನು ಬಾಚುವವರ ಕೆಮ್ಮನ್ನು ಇಟಲಿಯ ವೈದ್ಯ ರಾಮಜ್ಜೀನಿಯು 1700ರಲ್ಲಿಯೇ ಬರೆದಿಟ್ಟಿದ್ದನಾದರೂ, ಈ ಹೆಸರು ಫ್ರಾನ್ಸಿನ ವೈದ್ಯ ಆದ್ರಿಯನ್ ಪ್ರೂಸ್ತನಿಂದ 1877ರಲ್ಲಿ ಬಂದಿತು.

ಈ ವ್ಯಾಧಿಯ ನಡೆ ವಿಚಿತ್ರವಾದುದು. ಮೊದಲ ವರ್ಷಗಳಲ್ಲಿ ಕೆಲಸಗಾರನಿಗೆ ಏನೂ ತೋರುವುದಿಲ್ಲ. ತರುವಾಯ ಒಂದು ದಿನ, ಭಾನುವಾರದ ಬಿಡುವನ್ನು ಕಳೆದು ಸೋಮವಾರ ಕೆಲಸಕ್ಕೆ ಬಂದವನಿಗೆ, ಕೆಲವು ಗಂಟೆಗಳು ಸರಿದ ಮೇಲೆ ಎದೆಗೆ ಪಟ್ಟಿ ಬಿಗಿದಂತಾಗುತ್ತದೆ, ಉಸಿರು ಗಿಡ್ಡವಾಗುತ್ತದೆ. ಮಂಗಳವಾರಕ್ಕೆ ಇಳಿಯುತ್ತದೆ, ಬುಧವಾರಕ್ಕೆ ಮರೆತೇಹೋಗುತ್ತದೆ. ಬಿಡುವಿನ ಹಗಲೊಂದರಲ್ಲಿ ಚೇತರಿಸಿಕೊಂಡ ಶ್ವಾಸನಾಳಗಳು ಧೂಳು ಮತ್ತೆ ಸೋಕಿದೊಡನೆ ಮುದುಡಿಕೊಳ್ಳುವುದರಿಂದ ಹೀಗಾಗುತ್ತದೆ. ಕಾಲ ಕಳೆದಂತೆ ಬಿಗಿತವು ಮಂಗಳವಾರಕ್ಕೂ ಬುಧವಾರಕ್ಕೂ ಹಬ್ಬಿ, ಕಡೆಗೆ ವಾರದ ಎಲ್ಲ ದಿನಗಳನ್ನೂ ಆಕ್ರಮಿಸಿ, ಕೆಲಸ ಬಿಟ್ಟರೂ ಬಿಡದ ಏದುಸಿರಾಗಿ ನೆಲೆನಿಲ್ಲುತ್ತದೆ. 1950ರ ದಶಕದಲ್ಲಿ ಲ್ಯಾಂಕಶೈರಿನ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಈ ವ್ಯಾಧಿಯನ್ನು ಹಂತಹಂತವಾಗಿ ವಿಂಗಡಿಸಿದಾಗ, ಅವರು ಕೆಲಸಗಾರರಿಗೆ ಹಾಕಿದ ಮುಖ್ಯ ಪ್ರಶ್ನೆ ಸೋಮವಾರದ್ದೇ ಆಗಿತ್ತು.

ಎಂದ ಮೇಲೆ, ಲೋಖಂಡೆಯವರ ಸಂಗಡಿಗರು ಹೋರಾಡಿ ಪಡೆದ ಬಿಡುವು ದಣಿದ ಮೈಗೆ ಸಿಕ್ಕ ಸಮಾಧಾನ ಮಾತ್ರವಾಗಿರಲಿಲ್ಲ. ರೋಗವು ತನ್ನನ್ನು ತಾನೇ ತೋರಿಸಿಕೊಳ್ಳುವ ಏಕಮಾತ್ರ ಕಿಂಡಿಯೂ ಅದಾಗಿತ್ತು. ಬಿಡುವಿಲ್ಲದ ದುಡಿಮೆಯಲ್ಲಿ ಸೋಮವಾರವೆಂಬುದೇ ಇಲ್ಲ, ಸೋಮವಾರದ ಬಿಗಿತವೂ ಇಲ್ಲ. ಕೇವಲ ಒಂದು ಕೆಮ್ಮು, ಅದನ್ನು ಕ್ಷಯವೆಂದೋ ಗೂರಲೆಂದೋ ಕರೆದು ಕೈಬಿಡುವುದು. ನಮ್ಮ ದೇಶದಲ್ಲಿ ಬಹುಕಾಲ ಆದದ್ದು ಇದೇ. ಪರಿಹಾರದ ಕಾನೂನಿನ ರೋಗಪಟ್ಟಿಯಲ್ಲಿ ಈಗ ಬಿಸಿನೋಸಿಸ್ ಸೇರಿದೆಯಾದರೂ, ಸೋಮವಾರದ ಮಾತನ್ನು ಕೇಳುವ ವೈದ್ಯನು ಸಿಕ್ಕದೆ ಹೋದರೆ ಪಟ್ಟಿಯಿಂದ ಪ್ರಯೋಜನವೇನು?

ನೇಯ್ಗೆಯ ವಿಭಾಗದ ಅಪಾಯಗಳು ಕಣ್ಣಿಗೆ ಕಾಣುವಂಥವು. ಸೂರಿನ ಕೆಳಗೆ ಉದ್ದಕ್ಕೂ ತಿರುಗುವ ಉಕ್ಕಿನ ದಂಡದಿಂದ ಮಗ್ಗಮಗ್ಗಕ್ಕೂ ಇಳಿದ ಚರ್ಮದ ಪಟ್ಟಿಗಳು ಧೋತರದ ಅಂಚನ್ನೋ ಸೀರೆಯ ಸೆರಗನ್ನೋ ಹಿಡಿದರೆ ಮನುಷ್ಯನನ್ನೇ ಎಳೆದುಕೊಳ್ಳುತ್ತಿದ್ದವು. ಲೋಹದ ಮೊನೆಯುಳ್ಳ ಲಾಳಿಯು ಹಾಸಿನ ನಡುವಿನಿಂದ ಚಿಮ್ಮಿ ಹೊರಬಿದ್ದರೆ ಎದುರಿದ್ದವನ ಕಣ್ಣು ಹೋದಂತೆಯೇ. ನೂರಾರು ಮಗ್ಗಗಳ ಸದ್ದಿನಲ್ಲಿ ನಲವತ್ತಕ್ಕೆಲ್ಲ ಕಿವಿ ಮಂದವಾದವರು ಅಸಂಖ್ಯರು. ಇವುಗಳ ಜೊತೆಗೆ ಇನ್ನೊಂದು ಪದ್ಧತಿಯಿತ್ತು: ಕಂಡಿಕೆ ಬದಲಿಸಿದಾಗಲೆಲ್ಲ ನೇಕಾರನು ಲಾಳಿಯ ಕಣ್ಣಿಗೆ ತುಟಿಯಿಟ್ಟು ನೂಲಿನ ತುದಿಯನ್ನು ಹೀರಿ ಹೊರಗೆ ಎಳೆಯುತ್ತಿದ್ದನು. ಒಬ್ಬನ ಪಾಳಿ ಮುಗಿದು ಇನ್ನೊಬ್ಬನು ಬಂದರೆ ಅದೇ ಲಾಳಿ, ಅದೇ ಕಣ್ಣು. ಎಂಜಲಿನೊಡನೆ ರೋಗವೂ ದಾಟುವ ಹಾದಿ. ಇದು ಅನಾರೋಗ್ಯಕರವೆಂದು ಪದ್ಧತಿಯನ್ನು ತೊಲಗಿಸುವುದಕ್ಕೆ ಬದಲಾಗಿ, ಮುಂಬಯಿಯ ಗಿರಣಿಗಳಲ್ಲಿ ಮಾಡಿದ್ದೇನೆಂದರೆ, ಎಂಜಲಿನ ನೆವದಿಂದ ಅಸ್ಪೃಶ್ಯರೆನಿಸಿಕೊಂಡವರನ್ನು ಹೆಚ್ಚು ಸಂಬಳದ ನೇಯ್ಗೆಯ ವಿಭಾಗಕ್ಕೆ ಬಿಟ್ಟುಕೊಳ್ಳದೆ ಹೋದದ್ದು. 1928ರ ಮಹಾಮುಷ್ಕರದ ಸಮಯದಲ್ಲಿ ಡಾಕ್ಟರ್ ಅಂಬೇಡ್ಕರರು ಈ ಅನ್ಯಾಯವನ್ನು ಮುಷ್ಕರದ ಮುಖಂಡರ ಮುಂದಿಟ್ಟು ಪಟ್ಟು ಹಿಡಿದರು. ಒಂದು ಸಣ್ಣ ಕೊಕ್ಕೆಯಿಂದ ನೂಲೆಳೆಯುವ, ಬಾಯಿ ಸೋಕದ ಲಾಳಿಯನ್ನು ಕೊಟ್ಟಿದ್ದರೆ ಅನಾರೋಗ್ಯವೂ ತಪ್ಪುತ್ತಿತ್ತು, ಬಾಗಿಲು ಮುಚ್ಚುವುದಕ್ಕೆ ನೆವವೂ ತಪ್ಪುತ್ತಿತ್ತು. ನೆರೆಹೊರೆಯ ಪ್ರೀತಿಯನ್ನು ಹೊಗಳುವವರು ಅದೇ ನೆರೆಹೊರೆಯೊಳಗಿನ ಈ ಗೋಡೆಯನ್ನು ಮರೆಮಾಚಲಾಗದು.

ಆದರೂ ಹೊಗಳತಕ್ಕದ್ದು ಉಂಟು. ಲಾಲಬಾಗ, ಪರಳ, ವರಳಿಗಳ ಚಾಳುಗಳಲ್ಲಿ ಹತ್ತಡಿ ಅಗಲದ ಕೋಣೆಯೊಂದನ್ನು ಒಂದೇ ಊರಿನ ಗಂಡಸರು ಕೂಡಿ ಬಾಡಿಗೆಗೆ ಹಿಡಿದು, ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಒರಗುವ ಏರ್ಪಾಡಿನಲ್ಲಿ ಬಾಳಿದರು. ಅವರಿಗೆ ಅನ್ನವಿಕ್ಕಿದ್ದು ಖಾನಾವಳಿಯ ಹೆಂಗಸರು, ಬಹುಮಟ್ಟಿಗೆ ಗಿರಣಿಯವರ ಹೆಂಡಂದಿರು, ವಿಧವೆಯರು. ಸಂಬಳದ ದಿನದ ತನಕ ಸಾಲದಲ್ಲಿ ಊಟ ಹಾಕಿ, ಮುಷ್ಕರದ ತಿಂಗಳುಗಳಲ್ಲಿಯೂ ತಟ್ಟೆ ಹಿಂತೆಗೆಯದ ಈ ಹೆಂಗಸರು 1975ರಲ್ಲಿ ಪ್ರೇಮಾ ಪುರವ ಅವರ ಮುಂದಾಳುತನದಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವಾಗಿ ಸಂಘಟಿತರಾದರು. ಭಜನಾ ಮಂಡಳಿ, ಲೇಜೀಮು, ಗರಡಿ, ಗಣಪತಿ ಉತ್ಸವ, ಊರ ಸಂಘದ ವಂತಿಗೆ ಇವೆಲ್ಲವನ್ನು ಕೇವಲ ವಿನೋದವೆಂದು ಎಣಿಸಬಾರದು: ಯಾವನು ಈ ವಾರ ಭಜನೆಗೆ ಬರಲಿಲ್ಲ, ಯಾವನು ಹಾಡುವಾಗ ಉಸಿರು ಸಾಲದೆ ನಿಲ್ಲಿಸಿದನು, ಯಾವನ ಕೈಗೆ ಕಟ್ಟು ಬಿದ್ದಿದೆ ಎಂಬುದು ಅಲ್ಲಿ ಮೊದಲು ತಿಳಿಯುತ್ತಿತ್ತು, ಕಾರ್ಖಾನೆಯ ದಾಖಲೆಗೆ ಆಮೇಲೆ, ಅಥವಾ ಎಂದಿಗೂ ಇಲ್ಲ. ದಾಖಲೆಗೆ ಏರದಿರುವುದಕ್ಕೆ ಕಾರಣವೂ ಇತ್ತು. ಬೆಳಗ್ಗೆ ಬಾಗಿಲಲ್ಲಿ ಬದಲಿ ಕೆಲಸಗಾರರು ಗುಂಪುಗಟ್ಟಿ ನಿಂತಿರುವಾಗ, ಕೆಲಸ ಕೊಡುವ, ಬಿಡಿಸುವ ಅಧಿಕಾರವೆಲ್ಲ ಜಾಬರನೆಂಬ ಮೇಸ್ತ್ರಿಯ ಕೈಯಲ್ಲಿರುವಾಗ, ಎದೆನೋವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೆ ಬರುತ್ತದೆ?

ನೂಲು ಸುತ್ತುವ ವಿಭಾಗದ ಹೆಂಗಸರ ಕಷ್ಟ ಬೇರೆಯೇ ಬಗೆಯದು. ಹಸುಗೂಸನ್ನು ಬಿಟ್ಟು ಬರಲಾರದ, ತರಲೂ ಆಗದ ತಾಯಂದಿರು ಅಫೀಮಿನ ಗುಳಿಗೆ ಕೊಟ್ಟು ಮಗುವನ್ನು ಮಲಗಿಸುತ್ತಿದ್ದರೆಂಬುದನ್ನು 1920ರ ದಶಕದ ವಿಚಾರಣೆಗಳು ಬರೆದಿಟ್ಟಿವೆ. 1948ರ ಕಾರ್ಖಾನೆ ಕಾನೂನು ಶಿಶುಗೃಹವನ್ನು ಕಡ್ಡಾಯಗೊಳಿಸಿದ್ದು ಈ ಹಿನ್ನೆಲೆಯಲ್ಲಿ. ಅದೇ ಕಾನೂನು ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ತಿರುಗುವ ಭಾಗಗಳಿಗೆ ಬೇಲಿಯನ್ನೂ, ಓಡುವ ಯಂತ್ರವನ್ನು ಪರೀಕ್ಷಿಸುವವನಿಗೆ ಬಿಗಿಯುಡುಪನ್ನೂ, 250 ಜನ ಮೀರಿದಲ್ಲಿ ಉಪಾಹಾರಗೃಹವನ್ನೂ, 500 ಜನವಿದ್ದಲ್ಲಿ ಕ್ಷೇಮಾಧಿಕಾರಿಯನ್ನೂ ವಿಧಿಸಿತು. ಇವು ಸಾಮಾನ್ಯ ಸಾಧನೆಗಳಲ್ಲ. ಆದರೆ ತನಿಖೆಯ ಅಧಿಕಾರಿಯು ವರ್ಷಕ್ಕೊಮ್ಮೆ ಬಂದು ಬೇಲಿಯನ್ನು ನೋಡಿ ಹೋದಾನು. ಬೇಲಿ ತೆಗೆದಿಟ್ಟ ಉಳಿದ ದಿನಗಳಿಗೆ ಸಾಕ್ಷಿಯಾಗಿ ನಿಲ್ಲಬಲ್ಲವರು ಒಗ್ಗಟ್ಟಾಗಿರುವ ಕೆಲಸಗಾರರೇ. ನಮ್ಮ ನಾಡಿನಲ್ಲಿ ಘಟಪ್ರಭೆಯ ನೀರಿನ ಬಲದಿಂದ 1887ರಲ್ಲಿ ನಡೆಯತೊಡಗಿದ ಗೋಕಾಕ ಫಾಲ್ಸಿನ ಗಿರಣಿಯ ಸುತ್ತ ಒಂದು ಊರೇ ಬೆಳೆಯಿತು. ಬೆಂಗಳೂರಿನಲ್ಲಿ ಬಿನ್ನಿ ಗಿರಣಿಯ ಹೆಸರನ್ನು ಹೊತ್ತ ಪೇಟೆಯೇ ಇದೆ. ಅಂಥ ಕಡೆಗಳಲ್ಲಿ ಗಿರಣಿಯ ಕೂಗಿಗೆ ಊರಿನ ಒಲೆಗಳು ಹೊತ್ತುತ್ತಿದ್ದವು, ಒಬ್ಬನ ಗಾಯ ಸಂಜೆಗೆ ಬೀದಿಗೆಲ್ಲ ತಿಳಿಯುತ್ತಿತ್ತು.

1982ರ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೂಡಿದ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ್ಗಗಳು ಮಾತ್ರ ನಿಲ್ಲಲಿಲ್ಲ. ಭಿವಂಡಿ, ಇಚಲಕರಂಜಿಗಳಂತೆ ನಮ್ಮ ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿ, ಬೆಳಗಾವಿಗಳಲ್ಲಿ ಸಣ್ಣ ಸಣ್ಣ ಕೊಟ್ಟಿಗೆಗಳಲ್ಲಿ, ಎಷ್ಟೋ ಕಡೆ ವಾಸದ ಮನೆಯ ಪಡಸಾಲೆಯಲ್ಲಿಯೇ, ವಿದ್ಯುನ್ಮಗ್ಗಗಳಾಗಿ ಸದ್ದು ಮಾಡುತ್ತಿವೆ. ಹತ್ತಕ್ಕಿಂತ ಕಡಮೆ ಜನರಿರುವಲ್ಲಿಗೆ 1948ರ ಕಾನೂನು ಸಾಮಾನ್ಯವಾಗಿ ಕಾಲಿಡಲಿಲ್ಲ. ಇಲ್ಲಿ ಮನೆಯೇ ಕಾರ್ಖಾನೆ. ಮಗ್ಗದ ಸದ್ದಿನ ನಡುವೆಯೇ ತೊಟ್ಟಿಲು, ಮಗ್ಗದ ಧೂಳಿನ ಪಕ್ಕದಲ್ಲಿಯೇ ಒಲೆ. ಗಿರಣಿಯವನು ಪಾಳಿ ಮುಗಿಸಿ ಸದ್ದಿನಿಂದ ಹೊರಬರುತ್ತಿದ್ದನು. ಇವರಿಗೆ ಹೊರಬರುವ ಜಾಗವೇ ಇಲ್ಲ.

ಬೇಕಾಗಿರುವುದು ದುಬಾರಿಯ ವಸ್ತುವಲ್ಲ. ಊದಿದ ಉಸಿರಿನ ವೇಗವನ್ನು ಅಳೆಯುವ ಕೈಯಳತೆಯ ಕೊಳವೆಯೊಂದಿದೆ. ವಾರದ ಬಿಡುವಿನ ಮರುದಿನ ಕೆಲಸಕ್ಕೆ ಮುನ್ನ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ಊದಿಸಿ ಅಂಕಿ ಬರೆದುಕೊಂಡರೆ, ಯಾರ ಎದೆ ಕುಗ್ಗುತ್ತಿದೆಯೆಂಬುದು ವರ್ಷಗಳಿಗೆ ಮುಂಚೆಯೇ ತಿಳಿಯುತ್ತದೆ, ಅಂಥವನನ್ನು ಧೂಳು ಕಡಮೆಯಿರುವ ಕೆಲಸಕ್ಕೆ ಬದಲಿಸುವುದಕ್ಕೆ ಅವಕಾಶವಿರುತ್ತದೆ. ಕಿವಿಯ ಪರೀಕ್ಷೆಯೂ ಹೀಗೆಯೇ ಸುಲಭ. ನೇಕಾರರ ಸಹಕಾರ ಸಂಘಗಳು ಊರೂರಿನಲ್ಲಿವೆ, ನೂಲು ತೂಗುವುದಕ್ಕೆ ಅಲ್ಲಿ ತಕ್ಕಡಿಯಿದೆ, ಹೆಸರಿನ ಪಟ್ಟಿಯಿದೆ. ಆ ಪಟ್ಟಿಯಲ್ಲಿಯೇ ಉಸಿರಿಗೊಂದು ಕಲಮು, ಕಿವಿಗೊಂದು ಕಲಮು ಎಳೆದು ತುಂಬುವ ಕೆಲಸವನ್ನು, ಆರೋಗ್ಯ ಇಲಾಖೆಯ ಒಬ್ಬ ಸಹಾಯಕಿಯನ್ನು ಕರೆಸಿಕೊಂಡು, ಸಂಘಗಳು ಈ ವರ್ಷವೇ ತೊಡಗಬಹುದು.