ದೈವನಂಬಿಕೆ ಮತ್ತು ನೀತಿ: ಕೊಡವ ವಿವಾಹದ ನಿದರ್ಶನ

ದೇವರನ್ನು ನಿರಾಕರಿಸಿದರೆ ನೀತಿಗೆ ಆಧಾರವೇನು ಎಂಬುದು ನಾಸ್ತಿಕರಿಗೆ ಸದಾ ಎದುರಾಗುವ ಪ್ರಶ್ನೆ. ಕೊಡವರ ವಿವಾಹ ಪದ್ಧತಿ ಇದಕ್ಕೆ ಗಮನಾರ್ಹವಾದ ನಿದರ್ಶನವೊಂದನ್ನು ಒದಗಿಸುತ್ತದೆ. ಸಾಂಪ್ರದಾಯಿಕ ಕೊಡವ ವಿವಾಹದಲ್ಲಿ ಪುರೋಹಿತನಿಲ್ಲ, ಹೋಮವಿಲ್ಲ. ದೀಪದ ಸಾಕ್ಷಿಯಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ‘ಸಂಬಂಧ’ ಕೊಡುವ ವಿಧಿಯಲ್ಲಿ ಉಭಯ ಒಕ್ಕಗಳ ಅರುವರು ಸಣ್ಣ ಕಲ್ಲುಗಳನ್ನು ಕೊಟ್ಟು ಪಡೆದು, ವರನ ಮನೆಯಲ್ಲಿ ವಧುವಿಗೆ ಸಲ್ಲುವ ಹಕ್ಕುಗಳನ್ನು ಎಲ್ಲರೆದುರು ನುಡಿದು ಸ್ಥಿರಪಡಿಸುತ್ತಾರೆ. ಮಾತಿಗೆ ಹೊಣೆ ನಿಲ್ಲುವವರು ಮನುಷ್ಯರೇ.

ಹಾಗೆಂದು ಇದನ್ನು ನಾಸ್ತಿಕ ಪರಂಪರೆಯೆನ್ನಲಾಗದು. ಕೊಡವರು ಕಾವೇರಿ, ಇಗ್ಗುತಪ್ಪರ ಭಕ್ತರು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯ ಹಾಡುಗಳೂ ದೇವರನ್ನು ಸ್ಮರಿಸುತ್ತವೆ. ಆದರೆ ಎಂ.ಎನ್. ಶ್ರೀನಿವಾಸರು 1952ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಇಲ್ಲಿನ ಆಚರಣೆಗಳು ಒಕ್ಕ, ಊರು, ನಾಡುಗಳ ರಚನೆಯೊಡನೆ ಹೆಣೆದುಕೊಂಡಿವೆ. ಆಚರಣೆಯಲ್ಲಿ ನೆನೆಯುವ ‘ಕಾರಣ’ನು ಒಕ್ಕದ ಮೂಲಪುರುಷನೇ ಹೊರತು ಜಗತ್ತಿನ ಸೃಷ್ಟಿಕರ್ತನಲ್ಲ. ಜೀವದ ಉಗಮವನ್ನು ಜೀವವಿಜ್ಞಾನ ಹೇಗೆ ವಿವರಿಸಿದರೂ ಈ ವಿಧಿಯ ನೈತಿಕ ಬಲ ಕುಂದದು.

ಆದುದರಿಂದ ಈ ನಿದರ್ಶನ ದೇವರ ಇರವನ್ನಾಗಲಿ ಇಲ್ಲದಿರುವಿಕೆಯನ್ನಾಗಲಿ ನಿರ್ಣಯಿಸುವುದಿಲ್ಲ. ನೀತಿಯು ಸಮುದಾಯದ ಪರಸ್ಪರ ಹೊಣೆಯಲ್ಲಿ ನೆಲೆಗೊಳ್ಳಬಲ್ಲದೆಂಬುದನ್ನು ಮಾತ್ರ ತೋರುತ್ತದೆ. ದೇವರನ್ನು ನಂಬದವನೂ ಆ ದೀಪದೆದುರು ಕೊಟ್ಟ ಮಾತಿಗೆ ಬದ್ಧನೇ.