ಹೆಚ್ಚು ಲಿಫ್ಟಿನ ಕ್ಯಾಮ್‌ಗೆ ವಾಲ್ವ್ ಸ್ಪ್ರಿಂಗ್: ತಪ್ಪು ಕಲ್ಪನೆ ಮತ್ತು ಸತ್ಯ

ಎಂಜಿನ್ನಿನಲ್ಲಿ ವಾಲ್ವನ್ನು ತೆರೆಯುವುದು ಕ್ಯಾಮ್‌ಶಾಫ್ಟ್, ಮುಚ್ಚುವುದು ಸ್ಪ್ರಿಂಗ್. ಮುಚ್ಚುವುದಕ್ಕಿಂತ ಕಠಿಣವಾದ ಇನ್ನೊಂದು ಕೆಲಸವೂ ಸ್ಪ್ರಿಂಗಿನ ಪಾಲಿಗೇ ಬಂದಿದೆ. ಕ್ಯಾಮಿನ ಮೂತಿ ಹಾದುಹೋಗುವ ಹೊತ್ತಿಗೆ ವಾಲ್ವ್, ಸ್ಪ್ರಿಂಗನ್ನು ಮೇಲಿನಿಂದ ಹಿಡಿಯುವ ರಿಟೇನರ್, ರಾಕರ್, ಪುಷ್‌ರಾಡ್, ಟ್ಯಾಪೆಟ್ ಎಲ್ಲವೂ ತೆರೆಯುವ ದಿಕ್ಕಿಗೇ ಧಾವಿಸುತ್ತಿರುತ್ತವೆ. ಅವುಗಳ ವೇಗ ತಗ್ಗಿಸಿ, ಟ್ಯಾಪೆಟ್ ಕ್ಯಾಮನ್ನು ಬಿಟ್ಟು ಮೇಲೇಳದಂತೆ ಹಿಂದಕ್ಕೆ ತರಬೇಕು. ಕ್ಯಾಮ್ ಬದಲಿಸಿದವರು ಸ್ಪ್ರಿಂಗಿನಲ್ಲಿ ಎಡವುವುದು ಈ ಎರಡನೆಯ ಕೆಲಸವನ್ನು ಮರೆತಾಗ. 1955ರಲ್ಲಿ ಬಂದ ಅಮೆರಿಕದ ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ-8 ಎಂಜಿನ್ನನ್ನೇ ಉದಾಹರಣೆಯಾಗಿ ನೋಡೋಣ. ಅದರ 350 ಘನ ಇಂಚಿನ ಸಾಧಾರಣ ಮಾದರಿಯಲ್ಲಿ ವಾಲ್ವ್ ಸುಮಾರು 10 ಮಿ.ಮೀ. ಮಾತ್ರ ತೆರೆಯುತ್ತದೆ; ಈ ಅಳತೆಯೇ ಲಿಫ್ಟ್. ಅದೇ ಎಂಜಿನ್ನಿಗೆ ಹಾಕುವ ಪರ್ಫಾರ್ಮೆನ್ಸ್ ಕ್ಯಾಮ್‌ಗಳು 12ರಿಂದ 14 ಮಿ.ಮೀ.ವರೆಗೂ ತೆರೆಯುತ್ತವೆ.

ತಪ್ಪು ಕಲ್ಪನೆ: ಲಿಫ್ಟ್ ಗೊತ್ತಿದ್ದರೆ ಸ್ಪ್ರಿಂಗ್ ಆರಿಸಬಹುದು

ಲಿಫ್ಟ್ ಹೇಳುವುದು ಸ್ಪ್ರಿಂಗ್ ಎಷ್ಟು ದೂರ ಅದುಮಲ್ಪಡುತ್ತದೆ ಎಂಬುದನ್ನು ಮಾತ್ರ. ಎಷ್ಟು ಬಲ ಬೇಕೆಂಬುದನ್ನು ನಿರ್ಧರಿಸುವುದು ವಾಲ್ವಿನ ವೇಗ ಎಷ್ಟು ಬೇಗ ಬದಲಾಗುತ್ತದೆ, ಭಾಗಗಳ ತೂಕ ಎಷ್ಟು, ಎಂಜಿನ್ ಎಷ್ಟು ಆರ್‌ಪಿಎಂವರೆಗೆ ತಿರುಗುತ್ತದೆ ಎಂಬ ಮೂರು ಸಂಗತಿಗಳು. ಒಂದೇ ಲಿಫ್ಟಿನ ಎರಡು ಕ್ಯಾಮ್‌ಗಳಲ್ಲಿ ಕಡಿಮೆ ಡಿಗ್ರಿಗಳಲ್ಲಿ ಅಷ್ಟೇ ಎತ್ತರ ಮುಟ್ಟುವ ಕ್ಯಾಮ್‌ಗೆ ಹೆಚ್ಚು ಬಲದ ಸ್ಪ್ರಿಂಗ್ ಬೇಕು. ಹೈಡ್ರಾಲಿಕ್ ರೋಲರ್ ಲಿಫ್ಟರ್‌ಗಳು (ಲಿಫ್ಟರ್ ಎಂದರೂ ಟ್ಯಾಪೆಟ್ ಎಂದರೂ ಒಂದೇ) ಫ್ಲಾಟ್ ಟ್ಯಾಪೆಟ್‌ಗಳಿಗಿಂತ ಭಾರ. ಹಾಗಾಗಿ ಫ್ಲಾಟ್ ಟ್ಯಾಪೆಟ್‌ಗೆ ಸಾಕಾಗಿದ್ದ ಸ್ಪ್ರಿಂಗ್ ರೋಲರ್‌ಗೆ ಸಾಲದು. ಆರ್‌ಪಿಎಂನ ಪ್ರಭಾವವಂತೂ ವರ್ಗದ ಲೆಕ್ಕದಲ್ಲಿ ಏರುತ್ತದೆ: 6,000ದಿಂದ 7,000ಕ್ಕೆ ಹೋದರೆ ಸ್ಪ್ರಿಂಗ್ ತಡೆಯಬೇಕಾದ ಜಡತ್ವದ ಬಲ ಸುಮಾರು ಶೇ. 36ರಷ್ಟು ಹೆಚ್ಚುತ್ತದೆ. ಕ್ಯಾಮ್ ತಯಾರಕರು ತಮ್ಮ ಕ್ಯಾಮ್‌ಗೆ ಇಂಥದೇ ಸ್ಪ್ರಿಂಗ್ ಎಂದು ಸೂಚಿಸುವುದಕ್ಕೆ ಇದೇ ಕಾರಣ. ಆ ಸೂಚನೆಯನ್ನು ಬರೀ ವ್ಯಾಪಾರದ ಮಾತೆಂದು ತಳ್ಳಿಹಾಕಬಾರದು.

ತಪ್ಪು ಕಲ್ಪನೆ: ಡಬ್ಬಿಯ ಮೇಲೆ ಬರೆದ ಬಲವೇ ಎಂಜಿನ್ನಿನಲ್ಲೂ ಸಿಗುತ್ತದೆ

ಹೆಚ್ಚಿನ ಎಡವಟ್ಟುಗಳ ಮೂಲ ಇಲ್ಲಿದೆ. ಸ್ಪ್ರಿಂಗಿನ ಬಲ ಅದನ್ನು ಕೂರಿಸಿದ ಎತ್ತರದ ಮೇಲೆ ನಿಂತಿದೆ. ವಾಲ್ವ್ ಮುಚ್ಚಿರುವಾಗ ಹೆಡ್ಡಿನ ಮೇಲೆ ಸ್ಪ್ರಿಂಗ್ ಕೂರುವ ಜಾಗದಿಂದ ರಿಟೇನರಿನ ಕೆಳಭಾಗದವರೆಗಿನ ಅಳತೆಯೇ ಆ ಎತ್ತರ. ಒಂದು ಸ್ಪ್ರಿಂಗ್ ಅದರ ಸರಿಯಾದ ಎತ್ತರದಲ್ಲಿ 55 ಕೆ.ಜಿ. ಬಲ ಕೊಡುತ್ತದೆ, ಅದುಮಿದ ಪ್ರತಿ ಮಿ.ಮೀ.ಗೆ 6 ಕೆ.ಜಿ. ಏರುತ್ತದೆ ಎಂದಿಟ್ಟುಕೊಳ್ಳೋಣ. 12.7 ಮಿ.ಮೀ. ಲಿಫ್ಟಿನಲ್ಲಿ ಅದು ಸುಮಾರು 131 ಕೆ.ಜಿ. ಮುಟ್ಟುತ್ತದೆ. ಅದೇ ಸ್ಪ್ರಿಂಗ್ ಒಂದೂವರೆ ಮಿ.ಮೀ. ಸಡಿಲವಾಗಿ ಕೂತರೆ ಮುಚ್ಚಿರುವಾಗ 46, ಪೂರ್ತಿ ತೆರೆದಾಗ 122 ಮಾತ್ರ. ಸೀಟು ಗ್ರೈಂಡ್ ಮಾಡಿಸಿದ ಹಳೆಯ ಹೆಡ್ಡಿನಲ್ಲಿ ವಾಲ್ವ್ ಒಳಕ್ಕೆ ಇಳಿದು ಕೂರುವುದರಿಂದ ಎತ್ತರ ಹೀಗೆ ಹೆಚ್ಚುತ್ತದೆ, ಅದೂ ಒಂದೊಂದು ವಾಲ್ವಿಗೆ ಒಂದೊಂದು ರೀತಿ. ಆದ್ದರಿಂದ ಈ ವಿ-8ರ ಹದಿನಾರು ವಾಲ್ವ್‌ಗಳನ್ನೂ ಬೇರೆಬೇರೆಯಾಗಿ ಅಳೆದು, ಸ್ಪ್ರಿಂಗಿನ ಕೆಳಗೆ ಬೇಕಾದಷ್ಟು ದಪ್ಪದ ಶಿಮ್ ಇಟ್ಟು ಎಲ್ಲವನ್ನೂ ಒಂದೇ ಎತ್ತರಕ್ಕೆ ತರಬೇಕು. ಬೇಸರ ತರಿಸುವ ಕೆಲಸ ನಿಜ, ಆದರೆ ದುಬಾರಿ ಸ್ಪ್ರಿಂಗಿಗೆ ಕೊಡುವ ಹಣಕ್ಕಿಂತ ಈ ಅಳತೆಗೆ ಕೊಡುವ ಸಮಯಕ್ಕೆ ಬೆಲೆ ಹೆಚ್ಚು.

ತಪ್ಪು ಕಲ್ಪನೆ: ಸುರುಳಿಗಳ ನಡುವೆ ಜಾಗ ಹೆಚ್ಚಿದ್ದಷ್ಟೂ ಕ್ಷೇಮ

ಪೂರ್ತಿ ಲಿಫ್ಟಿನಲ್ಲಿ ಸುರುಳಿಗಳು ಒಂದಕ್ಕೊಂದು ಅಂಟಿಬಿಟ್ಟರೆ ಅದೇ ಕಾಯಿಲ್ ಬೈಂಡ್. ಸ್ಪ್ರಿಂಗ್ ಆಗ ಗಟ್ಟಿ ಕಬ್ಬಿಣದ ತುಂಡಿನಂತಾಗಿ ಪುಷ್‌ರಾಡ್ ಬಾಗುತ್ತದೆ, ರಾಕರ್ ಸ್ಟಡ್ ಕಿತ್ತು ಬರುತ್ತದೆ, ಕ್ಯಾಮಿನ ಮೂತಿ ಸವೆಯುತ್ತದೆ. ಈ ಭಯದಿಂದ ವಿಪರೀತ ಜಾಗ ಬಿಡುವುದೂ ತಪ್ಪೇ. ಹೆಚ್ಚು ಆರ್‌ಪಿಎಂನಲ್ಲಿ ಸ್ಪ್ರಿಂಗಿನ ಒಳಗೇ ಒಂದು ಅಲೆ ಮೇಲಕ್ಕೂ ಕೆಳಕ್ಕೂ ಓಡತೊಡಗುತ್ತದೆ, ಇದೇ ಸರ್ಜ್. ಪೂರ್ತಿ ಲಿಫ್ಟಿನಲ್ಲಿ ಸುರುಳಿಗಳು ಒಂದಕ್ಕೊಂದು ಹತ್ತಿರ ಬಂದರೆ ಈ ಅಲೆಗೆ ಓಡಲು ಜಾಗ ಸಿಗದೆ ಅದು ಅಡಗುತ್ತದೆ. ಸಾಮಾನ್ಯ ಪುಷ್‌ರಾಡ್ ಎಂಜಿನ್ನಿಗೆ ಎಲ್ಲ ಸುರುಳಿಗಳ ನಡುವಿನ ಜಾಗ ಒಟ್ಟು ಸೇರಿ ಸುಮಾರು 1.3ರಿಂದ 1.5 ಮಿ.ಮೀ. ಉಳಿದರೆ ಸರಿ.

ಕಾಯಿಲ್ ಬೈಂಡಿನ ಲೆಕ್ಕ ಹಾಕಿದವರೂ ಮರೆಯುವ ಇನ್ನೊಂದು ಅಳತೆ ಇದೆ. ವಾಲ್ವ್ ಪೂರ್ತಿ ತೆರೆದಾಗ ರಿಟೇನರ್ ಬಂದು ಗೈಡಿನ ಮೇಲಿನ ಸೀಲಿಗೆ ತಾಕಬಾರದು. ಅದೇ ಸ್ಮಾಲ್ ಬ್ಲಾಕ್ ಎಂಜಿನ್ನಿಗೆ 1996ರಲ್ಲಿ ಬಂದ ವೋರ್ಟೆಕ್ ಹೆಡ್‌ಗಳಲ್ಲಿ 12 ಮಿ.ಮೀ. ಆಗುವ ಮೊದಲೇ ಈ ಮಿತಿ ಎದುರಾಗುತ್ತದೆ. ಅಲ್ಲಿ ಸ್ಪ್ರಿಂಗ್ ಒಂದನ್ನೇ ಬದಲಿಸಿದರೆ ಸಾಲದು, ಸಾಮಾನ್ಯವಾಗಿ ಗೈಡನ್ನೂ ಕಡಿಸಬೇಕಾಗುತ್ತದೆ. ಕ್ಯಾಮ್ ಬದಲಿಸದೆ ರಾಕರ್ ಮಾತ್ರ ಬದಲಿಸಿದವರಿಗೂ ಈ ತೊಂದರೆ ತಪ್ಪಿದ್ದಲ್ಲ. 1.5 ಅನುಪಾತದ ರಾಕರಿನಲ್ಲಿ 12.2 ಮಿ.ಮೀ. ತೆರೆಯುವ ವಾಲ್ವ್ 1.6ರ ರಾಕರಿನಲ್ಲಿ 13 ಮಿ.ಮೀ. ತೆರೆಯುತ್ತದೆ.

ತಪ್ಪು ಕಲ್ಪನೆ: ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು

ಸ್ಪ್ರಿಂಗ್ ಮೆದುವಾದರೆ ವಾಲ್ವ್ ತೇಲುತ್ತದೆ, ಸೀಟಿನ ಮೇಲೆ ಪುಟಿಯುತ್ತದೆ. ಹೈಡ್ರಾಲಿಕ್ ಲಿಫ್ಟರ್ ಆ ನಡುವೆ ಸಿಕ್ಕ ಸಡಿಲವನ್ನು ಎಣ್ಣೆಯಿಂದ ತುಂಬಿಕೊಂಡು ವಾಲ್ವನ್ನು ಪೂರ್ತಿ ಮುಚ್ಚಲೂ ಬಿಡುವುದಿಲ್ಲ. ಅತಿಯಾಗಿ ಗಟ್ಟಿಯಾದರೆ ತೆಳು ಪುಷ್‌ರಾಡ್‌ಗಳು ಪ್ರತಿ ಸುತ್ತಿನಲ್ಲೂ ಬಾಗಿ ಕ್ಯಾಮಿನ ಚಲನೆಯನ್ನೇ ಕೆಡಿಸುತ್ತವೆ. ಹಳೆಯ ಸ್ಮಾಲ್ ಬ್ಲಾಕ್ ಹೆಡ್‌ಗಳಲ್ಲಿ ರಾಕರ್ ಸ್ಟಡ್‌ಗಳನ್ನು ಬರೀ ಒತ್ತಿ ಕೂರಿಸಿರುವುದರಿಂದ ಅವು ಮೇಲೇಳುತ್ತವೆ. ಹೆಚ್ಚು ಪೆಟ್ಟು ಬೀಳುವುದು ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಗೆ: ಹೊಸದರಲ್ಲಿ ಟ್ಯಾಪೆಟ್ ಮತ್ತು ಕ್ಯಾಮ್ ಒಂದಕ್ಕೊಂದು ಹೊಂದಿಕೊಳ್ಳುವ ಮೊದಲೇ ಮೂತಿ ಸವೆದುಹೋಗುತ್ತದೆ. ಜೋಡಿ ಸ್ಪ್ರಿಂಗ್ ಇರುವ ಕಡೆ ಒಳಗಿನದನ್ನು ತೆಗೆದಿಟ್ಟು, ಹೊರಗಿನದರಲ್ಲೇ ಹೊಸ ಕ್ಯಾಮನ್ನು ಪಳಗಿಸುವ ಪದ್ಧತಿ ಇದಕ್ಕಾಗಿಯೇ ಬಂತು.

ಗಟ್ಟಿ ಸ್ಪ್ರಿಂಗ್ ಎಂಜಿನ್ನಿನ ಶಕ್ತಿಯನ್ನೆಲ್ಲ ನುಂಗುತ್ತದೆ ಎಂಬ ಎದುರು ವಾದವೂ ಉತ್ಪ್ರೇಕ್ಷೆಯೇ. ತೆರೆಯುವಾಗ ಸ್ಪ್ರಿಂಗಿನಲ್ಲಿ ಕೂಡಿದ ಶಕ್ತಿಯ ಬಹುಪಾಲು ಮುಚ್ಚುವಾಗ ಕ್ಯಾಮ್‌ಗೆ ಮರಳುತ್ತದೆ. ನಿಜವಾದ ನಷ್ಟ ಆಗುವುದು ಘರ್ಷಣೆಯಲ್ಲಿ.

ತಪ್ಪು ಕಲ್ಪನೆ: ಎರಡು ಸ್ಪ್ರಿಂಗ್ ಇರುವುದು ಬಲ ಹೆಚ್ಚಿಸಲು ಮಾತ್ರ

ಬಲದ ಜೊತೆಗೆ ಇನ್ನೂ ಎರಡು ಲಾಭಗಳಿವೆ. ಎರಡರ ಸಹಜ ಕಂಪನಗಳು ಬೇರೆಬೇರೆಯಾಗಿರುವುದರಿಂದ ಅಲೆ ಒಟ್ಟಿಗೆ ಏಳುವುದಿಲ್ಲ. ಒಂದು ಮುರಿದರೂ ಇನ್ನೊಂದು ವಾಲ್ವನ್ನು ಸಿಲಿಂಡರಿನೊಳಗೆ ಬೀಳದಂತೆ ಹಿಡಿಯುತ್ತದೆ. ಮೇಲೆ ಕಿರಿದಾಗುವ ಬೀಹೈವ್ ಸ್ಪ್ರಿಂಗಿನ ದಾರಿ ಬೇರೆ. ಸಣ್ಣ, ಹಗುರ ರಿಟೇನರ್ ಸಾಕಾಗುವುದರಿಂದ ಚಲಿಸುವ ತೂಕ ಇಳಿದು, ಕಡಿಮೆ ಬಲದಲ್ಲೇ ಅದು ಕೆಲಸ ಮುಗಿಸುತ್ತದೆ. ಜನರಲ್ ಮೋಟರ್ಸ್ ತನ್ನ ಎಲ್‌ಎಸ್ ಎಂಜಿನ್‌ಗಳಿಗೆ ಬಳಸಿದ್ದು ಇದನ್ನೇ. ಆದರೆ ಒಂಟಿ ಬೀಹೈವ್ ಮುರಿದರೆ ವಾಲ್ವನ್ನು ಹಿಡಿಯಲು ಇನ್ನೊಂದು ಇರುವುದಿಲ್ಲ. ಆಯ್ಕೆ ಮಾಡುವವರು ಇದನ್ನು ತೂಗಿ ನೋಡಬೇಕು.

ತಪ್ಪು ಕಲ್ಪನೆ: ಮುರಿಯದ ಸ್ಪ್ರಿಂಗ್ ಕೆಟ್ಟಿಲ್ಲ

ಬಿಸಿ ಮತ್ತು ಕೋಟ್ಯಂತರ ಅದುಮುವಿಕೆಗಳಿಂದ ಸ್ಪ್ರಿಂಗ್ ಮುರಿಯದೆಯೂ ಬಲ ಕಳೆದುಕೊಳ್ಳುತ್ತದೆ. ಸ್ಕ್ರೂಡ್ರೈವರಿನಿಂದಲೋ ವೈಸಿನ ಹಲ್ಲಿನಿಂದಲೋ ತಂತಿಯ ಮೇಲೆ ಬಿದ್ದ ಗೀರು ಮುಂದೆ ಬಿರುಕಿನ ಮೂಲವಾಗಬಹುದು. ಹೊಸದರಲ್ಲೇ ಪ್ರತಿ ಸ್ಪ್ರಿಂಗಿನ ಬಲ ಅಳೆದು ಬರೆದಿಟ್ಟುಕೊಂಡು, ಹೆಡ್ ಬಿಚ್ಚಿದಾಗಲೆಲ್ಲ ಹೋಲಿಸಿ ನೋಡಬೇಕು. ಬಲ ಹತ್ತರಲ್ಲಿ ಒಂದು ಪಾಲು ಇಳಿದಿದ್ದರೆ ಒಂದನ್ನಷ್ಟೇ ಬದಲಿಸದೆ ಹದಿನಾರನ್ನೂ ಹೊಸದು ಹಾಕುವುದೇ ಸರಿ.