ಊರು ಬಿಟ್ಟವರಿಗೆ ಅಂಟಿದ ಹೆಸರು

ನ್ಯೂರೆಂಬರ್ಗ್ ಪಟ್ಟಣದೊಳಗೆ ಯಾರನ್ನಾದರೂ ‘ನ್ಯೂರೆಂಬರ್ಗರ್’ ಎಂದು ಕರೆದು ಏನುಪಯೋಗ? ಅಲ್ಲಿ ಎಲ್ಲರೂ ಆ ಊರಿನವರೇ. ಗಂಟುಮೂಟೆ ಕಟ್ಟಿಕೊಂಡು ಬೇರೆ ಊರು ಸೇರಿದವನನ್ನು ಹೊಸ ನೆರೆಹೊರೆಯವರು ಗುರುತಿಸಿದ್ದು ಹಾಗೆ. ಜರ್ಮನ್ನರ ಊರಿನ ಅಡ್ಡಹೆಸರುಗಳ ಹಿಂದೆ ಹೀಗೆ ಒಂದು ವಲಸೆ ಇದ್ದೇ ಇರುತ್ತದೆ.

12ನೆಯ ಶತಮಾನದಿಂದ ಕಲೋನ್, ಬಾಸೆಲ್‌ನಂಥ ರೈನ್ ದಂಡೆಯ ಪಟ್ಟಣಗಳು ಬೆಳೆದವು. ಬೀದಿಗೆ ನಾಲ್ಕಾರು ಹೈನ್‌ರಿಖ್, ನಾಲ್ಕಾರು ಯೋಹಾನೆಸ್. ತೆರಿಗೆ, ಆಸ್ತಿಯ ಲೆಕ್ಕ ಬರೆಯುವ ಗುಮಾಸ್ತರಿಗೆ ಒಂಟಿ ಹೆಸರು ಸಾಲದಾಯಿತು. ಕಸುಬು, ಅಪ್ಪನ ಹೆಸರುಗಳ ಜೊತೆ ಬಿಟ್ಟುಬಂದ ಊರೂ ದಾಖಲೆ ಸೇರಿ, ಕ್ರಮೇಣ ಮಕ್ಕಳು ಮೊಮ್ಮಕ್ಕಳಿಗೆ ಇಳಿಯಿತು.

ದಕ್ಷಿಣದವರು ಊರಿನ ಹೆಸರಿಗೆ ‘ಅರ್’ ಎಂಬ ಬಾಲ ಹಚ್ಚುವುದು ಹೆಚ್ಚು. ಉತ್ತರದಲ್ಲಿ ಬರಿಯ ಊರಿನ ಹೆಸರೋ ‘ಮನ್’ ಸೇರಿದ ರೂಪವೋ ಕಾಣುತ್ತದೆ. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಕೊನ್ರಾಡ್ ಆಡೆನೌವರ್ ಹುಟ್ಟಿದ್ದು ಕಲೋನ್‌ನಲ್ಲಿ. ಹೆಸರಿನಲ್ಲಿರುವುದು ಐಫೆಲ್ ಗುಡ್ಡಗಾಡಿನ ಪುಟ್ಟ ಊರು ಆಡೆನೌ. ದೂರದಿಂದ ಬಂದವರಿಗೆ ಇಡೀ ನಾಡೇ ಹೆಸರಾಯಿತು: ಬಯರ್, ಶ್ವಾಬ್, ಹೆಸ್ಸೆ. ಮಂಗಳೂರಿನ ಬಾಸೆಲ್ ಮಿಶನ್‌ನಲ್ಲಿ ಸೇವೆ ಮಾಡಿದ ಯೋಹಾನೆಸ್ ಹೆಸ್ಸೆ, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಂದೆ, ಹುಟ್ಟಿದ್ದು ಇಂದಿನ ಎಸ್ಟೋನಿಯಾದಲ್ಲಿ. ಹೆಸ್ಸೆನ್ ಪ್ರಾಂತ್ಯ ಅಲ್ಲಿಂದ ಎಷ್ಟು ದೂರ!

‘ಫೊನ್’ ಎಂದರೂ ಮೊದಲಿಗೆ ಇಂಥ ಊರಿನವನು ಎಂದಷ್ಟೇ. ಅದು ಕುಲೀನರ ಗುರುತಾದದ್ದು ಆಮೇಲೆ. ಬೀಥೋವನ್ ಹೆಸರಿನ ‘ಫಾನ್’ ಫ್ಲಾಂಡರ್ಸ್ ಕಡೆಯದು, ಅದಕ್ಕೆ ಆ ಗೌರವವಿಲ್ಲ. 1818ರಲ್ಲಿ ತಮ್ಮನ ಮಗನ ಪಾಲನೆಯ ವ್ಯಾಜ್ಯದಲ್ಲಿ ಈ ಸಂಗತಿ ಬಯಲಾಗಿ, ಪ್ರಕರಣ ವಿಯೆನ್ನಾದ ಕುಲೀನರ ನ್ಯಾಯಾಲಯದಿಂದ ಸಾಮಾನ್ಯರ ನ್ಯಾಯಾಲಯಕ್ಕೆ ಹೋಯಿತು.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಯೆಹೂದಿಗಳ ಹೆಸರುಗಳು. ಊರಿಂದೂರಿಗೆ ಅಟ್ಟಿಸಿಕೊಂಡವರೂ ಊರಿನ ಹೆಸರನ್ನು ಬಿಡಲಿಲ್ಲ. ಓಪನ್‌ಹೈಮರ್, ಬಾಖರಾಖ್, ಲಾಂಡೌ, ಎಪ್‌ಸ್ಟೈನ್ ಎಲ್ಲವೂ ಊರುಗಳೇ. ಪ್ರಷ್ಯಾ 1812ರಲ್ಲಿ ಯೆಹೂದಿಗಳಿಗೆ ಕಾಯಂ ಅಡ್ಡಹೆಸರು ಕಡ್ಡಾಯ ಮಾಡುವುದಕ್ಕೆ ಎಷ್ಟೋ ಮೊದಲೇ ಇಂಥ ಹೆಸರುಗಳು ಬಳಕೆಯಲ್ಲಿದ್ದವು.

ಆದರೆ ಹೆಸರು ಹಿಡಿದು ಮೂಲ ಊರಿಗೆ ಹೊರಟವರಿಗೆ ದಾರಿ ಸುಲಭವಲ್ಲ. ಸ್ಟೈನ್‌ಬಾಖ್ ಎಂಬ ಊರುಗಳು ಅನೇಕ. 14ನೆಯ ಶತಮಾನದ ಮಹಾಮಾರಿಯ ನಂತರ ಪಾಳುಬಿದ್ದ ಹಳ್ಳಿಗಳಂತೂ ನಕ್ಷೆಯಲ್ಲೇ ಇಲ್ಲ. ಆದ್ದರಿಂದ ಕುಟುಂಬದ ಹೆಸರು ಮೊದಲು ದಾಖಲಾದ ಪಟ್ಟಣವನ್ನು ಹುಡುಕಿ, ಅದರ ಆಸುಪಾಸಿನ ಊರುಗಳನ್ನು ಮೊದಲು ನೋಡುವುದೇ ಸರಿ. ಬಹುಪಾಲು ಜನ ಹತ್ತಿರದ ಹಳ್ಳಿಗಳಿಂದಲೇ ಬಂದವರು.